ಹನ್ನೊಂದನೇ ಹಾಸಿಗೆಯ ಸದ್ದು

ಮಾರ್ಚ್ ೩, ಸೋಮವಾರ

ಮನೆಗೆ ಹೋಗಬೇಕಾದ ಮನುಷ್ಯನೊಬ್ಬನನ್ನು ಆಸ್ಪತ್ರೆಯಲ್ಲಿ ಹಿಡಿದಿಟ್ಟಿದ್ದಾರೆ. ಕಾಯಿಲೆಗಾಗಿ ಅಲ್ಲ. ಅವನ ಎದೆಯಿಂದ ಒಳ್ಳೆಯ ಸದ್ದು ಬರುತ್ತದೆ, ಅದಕ್ಕಾಗಿ.

ಗಂಡಸರ ವಾರ್ಡಿನ ಹನ್ನೊಂದನೇ ಹಾಸಿಗೆ, ಕಸುಬಿನಿಂದ ದರ್ಜಿ. ಉಸಿರು ಕಟ್ಟುತ್ತದೆ ಎಂದು ಬಂದವನು, ಔಷಧಿಗೆ ಸುಧಾರಿಸಿಕೊಂಡು, ಹೋದ ಬುಧವಾರವೇ ಹೊರಡಬಹುದಿತ್ತು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುವುದಿಲ್ಲವಂತೆ. ಬಡಿತದ ನಡುವೆ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಒಂದು ಸದ್ದು. ಇಷ್ಟು ಸ್ಪಷ್ಟವಾದದ್ದು ವರ್ಷಕ್ಕೊಂದು ಸಿಕ್ಕರೆ ಪುಣ್ಯವಂತೆ. ಹನ್ನೆರಡನೇ ತಾರೀಕು ಅಂತಿಮ ವರ್ಷದವರ ಪ್ರಾಯೋಗಿಕ ಪರೀಕ್ಷೆ ಇರುವುದರಿಂದ, ‘ಒಳ್ಳೇ ಕೇಸು, ಅಲ್ಲೀವರೆಗೂ ಇರಲಿ’ ಎಂದು ವಿಭಾಗದ ಮುಖ್ಯಸ್ಥರು ಹೇಳಿಬಿಟ್ಟಿದ್ದಾರೆ. ದಿನಾ ನಲವತ್ತು ವಿದ್ಯಾರ್ಥಿಗಳು ಸಾಲಾಗಿ ಬಂದು ಅವನ ಎದೆಗೆ ಸ್ಟೆತಸ್ಕೋಪು ಒತ್ತುತ್ತಾರೆ. ಯಾಕೆ ಉಳಿಸಿಕೊಂಡಿದ್ದಾರೆಂದು ಅವನಿಗೆ ಯಾರೂ ಹೇಳಿಲ್ಲ.

ಇದು ನನಗೆ ತಿಳಿದದ್ದು ಒಬ್ಬಳು ವಿದ್ಯಾರ್ಥಿನಿಯ ಆತ್ಮಾವಲೋಕನ ಪುಸ್ತಕದಿಂದ. ನಾನು ಈ ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವ ವಿಷಯಕ್ಕೆ ‘ವ್ಯಕ್ತಿತ್ವ ಮತ್ತು ವೃತ್ತಿ ವಿಕಸನ’ ಎಂದು ಹೆಸರು. ಹುಡುಗರು ‘ನಿದ್ದೆ ವಿಕಸನ’ ಎನ್ನುತ್ತಾರೆ. ವಾರಕ್ಕೊಮ್ಮೆ ಅವರು ವಾರ್ಡಿನಲ್ಲಿ ಕಂಡದ್ದನ್ನು, ಅನ್ನಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದು ನನಗೆ ಕೊಡಬೇಕು. ಅದಕ್ಕೂ ಅಡ್ಡಹೆಸರು ಇಟ್ಟಿದ್ದಾರೆ, ‘ಗೋಳಿನ ಪುಸ್ತಕ’. ನಾನು ವೈದ್ಯನಲ್ಲ. ಸಮಾಜಕಾರ್ಯ ಓದಿದವನು. ನನ್ನ ನಿಜವಾದ ಓದು ಫುಟ್‌ಪಾತಿನಲ್ಲಿ ಕೊಂಡ ಕಿರುಹೊತ್ತಿಗೆಗಳದ್ದು, ಪಿನ್ನು ಹೊಡೆದ ಹದಿನಾರು ಪುಟದ ಆ ಕಾಗದಗಳದ್ದು. ದಪ್ಪ ಪುಸ್ತಕಗಳು ಹೆದರಿ ಹೇಳದೇ ಬಿಟ್ಟದ್ದನ್ನು ಅವು ಹೇಳುತ್ತವೆ.

ಆ ಹುಡುಗಿ ಬರೆದದ್ದನ್ನು ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

‘ಇವತ್ತು ಎರಡು ಸಲ ಆಲಿಸಬೇಕಾಯಿತು. ನನ್ನ ಎಡಗಿವಿ ಕೇಳಿಸುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದಾಗ ಹೋಯಿತು. ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಇನ್ನೊಮ್ಮೆ ಎಂದಾಗ ಅವರು ಆಗಷ್ಟೇ ಹಾಕಿದ್ದ ಗುಂಡಿಗಳನ್ನು ಮತ್ತೆ ಬಿಚ್ಚಿದರು. ಸಾಲಿನಲ್ಲಿ ನಾನು ಮೂವತ್ತಾರನೆಯವಳು. ಇನ್ನೂ ಎಷ್ಟು ದಿನ ಅಮ್ಮಾ, ಎಂದರು. ಸರ್ ಹೇಳುತ್ತಾರೆ ಎಂದೆ. ಅದು ಸುಳ್ಳು. ಸರ್ ಹೇಳುವುದಿಲ್ಲ.’

ಓದಿ ಮೈ ಉರಿದುಹೋಯಿತು. ಇದನ್ನು ಹೀಗೇ ಬಿಡುವವನು ನಾನಲ್ಲ!

ಮಾರ್ಚ್ ೪, ಮಂಗಳವಾರ

ತರಗತಿ. ರೋಗಿಯ ಒಪ್ಪಿಗೆ ಎಂದರೇನು ಎಂದು ಕೇಳಿದೆ.

ಮಧ್ಯದ ಬೆಂಚಿನಲ್ಲಿ ಒಬ್ಬ ವಿದೂಷಕ ಇದ್ದಾನೆ. ಎದ್ದು ನಿಂತ. “ಸರ್, ಹಾಸಿಗೆ ಮೇಲೆ ಮಲಗಿದ್ರೆ ಒಪ್ಪಿದ್ದಾರೆ ಅಂತ ಅರ್ಥ. ಎದ್ದು ಓಡಿದ್ರೆ ಒಪ್ಪಿಲ್ಲ ಅಂತ.”

ಇಡೀ ಕೋಣೆ ನಕ್ಕಿತು. ಮೂಲೆಯ ಹುಡುಗಿ ಮಾತ್ರ ನಗಲಿಲ್ಲ. ಎಡಗೋಡೆಗೆ ಒತ್ತಿಕೊಂಡು ಮೊದಲ ಸಾಲಿನ ಕೊನೆಯಲ್ಲಿ ಕೂರುವವಳು. ಇಷ್ಟು ದಿನ ಜಂಬದವಳು ಎಂದುಕೊಂಡಿದ್ದೆ. ಆ ಪುಸ್ತಕ ಅವಳದೇ.

ನಾನು ನಲವತ್ತು ನಿಮಿಷ ಮಾತಾಡಿದೆ. ಮನುಷ್ಯನ ದೇಹ ಪಾಠದ ಹಲಗೆಯಲ್ಲ ಎಂದೆ. ಮುಟ್ಟುವ ಮೊದಲು ಒಂದು ಮಾತು, ಅಷ್ಟೇ ವೈದ್ಯಕೀಯದ ಅಡಿಪಾಯ ಎಂದೆ. ಮಾತು ಚೆನ್ನಾಗಿ ಬಂತು. ಅವಳನ್ನು ನೋಡಿಯೇ ಆಡುತ್ತಿದ್ದೆ. ಗಂಟೆ ಹೊಡೆದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು ಹೋದಳು.

ಮಾರ್ಚ್ ೫, ಬುಧವಾರ

ಅಕ್ಕನಿಗೆ ಹೇಳಿದೆ. ಅವಳು ಇದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸು. ನಾವಿಬ್ಬರೂ ಇರುವುದು ಅವಳ ಕ್ವಾರ್ಟರ್ಸಿನಲ್ಲಿ. ಅವಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

“ಪ್ರತಿ ವರ್ಷ ಯಾರೋ ಒಬ್ರು ಇರ್ತಾರೆ ಕಣೋ. ಹೋದ ಸಲ ಒಬ್ಬರ ಲಿವರ್ರು. ಅದರ ಹಿಂದಿನ ಸಲ ಒಂದು ಮಂಡಿ.”

“ನಿಂಗೆ ಸಿಟ್ಟು ಬರಲ್ವಾ?”

“ಬರುತ್ತೆ. ಡ್ಯೂಟಿ ಮುಗಿಯೋ ಹೊತ್ತಿಗೆ ಕಾಲುನೋವು ಅದಕ್ಕಿಂತ ಜಾಸ್ತಿ ಆಗಿರುತ್ತೆ. ಅದಿರಲಿ, ಆ ಮನುಷ್ಯನ ಹತ್ರ ಮಾತಾಡಿದ್ಯಾ?”

ಇದು ಒಬ್ಬ ವ್ಯಕ್ತಿಯ ಪ್ರಶ್ನೆಯಲ್ಲ, ಇಡೀ ವ್ಯವಸ್ಥೆಯದು ಎಂದೆ.

“ವ್ಯವಸ್ಥೆಗೆ ಕೆಮ್ಮು ಬರಲ್ಲ ನೋಡು. ಅದರ ಹತ್ರ ಮಾತಾಡೋದು ಸುಲಭ,” ಎಂದಳು. “ಟವೆಲ್ ಕೊಡು.”

ಹದಿನಾಲ್ಕು ವರ್ಷ ಒಂದೇ ಕಡೆ ಇದ್ದರೆ ಮನುಷ್ಯರು ಹೀಗಾಗುತ್ತಾರೆ. ನಾನು ಹೀಗಾಗುವ ಮೊದಲು ಸಾಯುತ್ತೇನೆ.

ಮಾರ್ಚ್ ೬, ಗುರುವಾರ

ಬರೆದೆ! ಒಂದೇ ಹಾಳೆ, ಎರಡೂ ಬದಿ. ಮೇಲೆ ದಪ್ಪಕ್ಷರದಲ್ಲಿ ‘ಎದೆಯ ಸದ್ದಿಗೆ ಸೆರೆವಾಸ’. ನಡುವೆ ಅವಳ ಸಾಲುಗಳನ್ನು ಇದ್ದ ಹಾಗೇ ಹಾಕಿದ್ದೇನೆ. ನಾನು ಎಷ್ಟು ಬರೆದರೂ ಅಷ್ಟು ಚೆನ್ನಾಗಿ ಬರುವುದಿಲ್ಲ.

ವರ್ಷದ ಮೊದಲ ತರಗತಿಯಲ್ಲಿ ನಾನೇ ಹೇಳಿದ್ದೆ, ಈ ಪುಸ್ತಕವನ್ನು ನನ್ನನ್ನು ಬಿಟ್ಟು ಯಾರೂ ಓದುವುದಿಲ್ಲ ಎಂದು. ಅದನ್ನು ಮರೆತಿಲ್ಲ. ಅರ್ಧ ಗಂಟೆ ಯೋಚಿಸಿದೆ. ಹೆಸರಿಲ್ಲ, ಹಾಜರಿ ಸಂಖ್ಯೆ ಇಲ್ಲ, ‘ಒಬ್ಬ ವಿದ್ಯಾರ್ಥಿನಿ’ ಎಂದಷ್ಟೇ ಇದೆ. ಹೆಸರು ತೆಗೆದ ಮೇಲೆ ಮಾತು ಯಾರದೂ ಅಲ್ಲ, ಎಲ್ಲರದೂ. ಕಿವಿಯ ಸಾಲನ್ನು ತೆಗೆಯಲೇ ಎಂದು ಪೆನ್ಸಿಲಿನಿಂದ ಗೀಟು ಹಾಕಿ ನೋಡಿದೆ. ತೆಗೆದರೆ, ಅವನು ಎರಡನೇ ಸಲ ಗುಂಡಿ ಬಿಚ್ಚಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ, ಇಡೀ ಹಾಳೆಯ ಜೀವ ಅಲ್ಲೇ ಇದೆ. ಮೇಲಾಗಿ ಆ ಕಿವಿಯ ವಿಷಯ ಯಾರಿಗೂ ಗೊತ್ತಿಲ್ಲ ಎಂದು ಅವಳೇ ಬರೆದಿದ್ದಾಳೆ. ಯಾರಿಗೂ ಗೊತ್ತಿಲ್ಲದ ಗುರುತಿನಿಂದ ಯಾರನ್ನಾದರೂ ಗುರುತಿಸುವುದು ಹೇಗೆ? ಗೀಟನ್ನು ರಬ್ಬರಿನಿಂದ ಅಳಿಸಿದೆ.

ಹಾಸಿಗೆಯ ಸಂಖ್ಯೆ, ಅವನು ದರ್ಜಿ ಎಂಬುದು, ಮೂವತ್ತಾರು ಎಂಬ ಎಣಿಕೆ, ಎಲ್ಲವೂ ಇವೆ. ನಿಖರವಾಗಿದ್ದರೆ ತಾನೇ ಸತ್ಯಕ್ಕೆ ಹಲ್ಲು!

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಕ್ಯಾಂಟೀನಿನ ಮೇಜುಗಳ ಮೇಲೆ, ಗ್ರಂಥಾಲಯದ ಬಾಗಿಲಲ್ಲಿ, ಹೊರರೋಗಿಗಳ ಬೆಂಚುಗಳ ಮೇಲೆ ಇಟ್ಟು ಬಂದೆ. ಇನ್ನೂರು ಪ್ರತಿ. ಒಂಬತ್ತಕ್ಕೆ ಲಿಫ್ಟಿನವನು ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಹನ್ನೊಂದಕ್ಕೆ ಒಬ್ಬ ಮುದುಕಿ ನನ್ನ ಕೈ ಹಿಡಿದು, “ನನ್ನ ಮಗನ ಮಂಡೀನೂ ಹಿಂಗೇ ಇಟ್ಕೊಂಡಿದ್ರಪ್ಪ,” ಎಂದಳು.

ಸಂಜೆ ನಾಲ್ಕಕ್ಕೆ ಹನ್ನೊಂದನೇ ಹಾಸಿಗೆಯನ್ನು ಮನೆಗೆ ಕಳುಹಿಸಿದರು.

ಒಂದು ಹಾಳೆ! ಒಂದೇ ಒಂದು ಹಾಳೆಗೆ ಇಷ್ಟು ಶಕ್ತಿ.

ಮಾರ್ಚ್ ೮, ಶನಿವಾರ

ನನಗೆ ಹೊಸ ಹೆಸರು ಬಿದ್ದಿದೆಯಂತೆ, ‘ಕರಪತ್ರ ಮೇಷ್ಟ್ರು’. ಬಿರುದು ಎಂದೇ ತಿಳಿಯುತ್ತೇನೆ.

ಅಕ್ಕ ಹಾಳೆಯನ್ನು ಎರಡು ಸಲ ಓದಿ, ಮಡಿಸಿಟ್ಟು, “ಆ ಹುಡುಗಿ ಹೂಂ ಅಂದಿದ್ಲಾ?” ಎಂದಳು. ಹೆಸರು ಹಾಕಿಲ್ಲ ಎಂದೆ. “ನಾನು ಕೇಳಿದ್ದು ಅದಲ್ಲ,” ಎಂದು ಒಳಗೆ ಹೋದಳು. ಅವಳಿಗೆ ಯಾವ ಸಂತೋಷವನ್ನೂ ಪೂರ್ತಿ ಅನುಭವಿಸಲು ಬಿಡುವ ಅಭ್ಯಾಸವಿಲ್ಲ.

ಮಾರ್ಚ್ ೧೦, ಸೋಮವಾರ

ಪುಸ್ತಕಗಳು ಬಂದವು. ಮೂವತ್ತೊಂಬತ್ತು. ಮೊದಲನೆಯದನ್ನು ತೆರೆದೆ: ‘ಈ ವಾರ ಕೈ ತೊಳೆಯುವುದರ ಮಹತ್ವ ಅರಿತೆ.’ ಎರಡನೆಯದು: ‘ಈ ವಾರ ಕೈ ತೊಳೆಯುವುದರ ಮಹತ್ವ ಅರಿತೆ.’ ಮೂವತ್ತೊಂಬತ್ತರಲ್ಲೂ ಅದೇ ಸಾಲು. ಒಬ್ಬ ಮಾತ್ರ ‘ಸೋಪು ಹಾಕಿ’ ಎಂದು ಸೇರಿಸಿದ್ದ.

ಮೂಲೆಯ ಜಾಗ ಖಾಲಿ ಇತ್ತು.

ವಿದೂಷಕ ಇಂದು ತಮಾಷೆ ಮಾಡಲಿಲ್ಲ. ನಾನೇ ಅವನನ್ನು ತಡೆದು ಕೇಳಿದಾಗ, ನನ್ನ ಕಡೆ ನೋಡದೆ ಹೇಳಿದ. “ಸರ್, ನೀವು ವಾರ್ಡಲ್ಲಿ ಯಾವತ್ತಾದ್ರೂ ನಿಂತಿದೀರಾ? ನಾವು ಹಾಜರಿ ಪಟ್ಟಿ ಪ್ರಕಾರ ನಿಲ್ತೀವಿ. ಮೂವತ್ತಾರು ಅಂದ್ರೆ ಮೂವತ್ತಾರೇ. ಹೆಸರು ಬರೆಯೋದೂ ಒಂದೇ, ಅದನ್ನ ಬರೆಯೋದೂ ಒಂದೇ.”

ಇದು ನನಗೆ ಗೊತ್ತಿರಲಿಲ್ಲ. ಸುಮ್ಮನೆ ಒಂದು ದೊಡ್ಡ ಸಂಖ್ಯೆ ಎಂದುಕೊಂಡಿದ್ದೆ.

ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಕರೆಸಿದರು. ಹುಡುಗರು ಅವರನ್ನು ‘ಗಡಿಯಾರ’ ಎನ್ನುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲವಂತೆ. ಕೂಗಾಡುತ್ತಾರೆಂದು ಸಿದ್ಧನಾಗಿ ಹೋಗಿದ್ದೆ. ಕೂಗಾಡಲಿಲ್ಲ. ಕೂತುಕೊಳ್ಳಿ ಎಂದರು.

“ಒಳ್ಳೇ ಸದ್ದು ಸಿಗೋದು ಅಪರೂಪ. ಇವತ್ತು ಈ ಮಕ್ಕಳ ಕಿವಿಗೆ ಅದು ಬೀಳದೇ ಹೋದ್ರೆ, ನಾಳೆ ಎಲ್ಲೋ ಒಂದು ಸಣ್ಣ ಊರಲ್ಲಿ ಯಾರೋ ಸಾಯ್ತಾರೆ. ಅದನ್ನೂ ಒಂದು ಹಾಳೇಲಿ ಬರೀರಿ. ಹೋಗಲಿ ಬಿಡಿ, ನಾನು ಕರೆದಿದ್ದು ಅದಕ್ಕಲ್ಲ.”

ಮೇಜಿನ ಮೇಲೆ ಒಂದು ಹಳೆಯ ಅರ್ಜಿ ಇಟ್ಟರು. ಕಾಲೇಜಿಗೆ ಸೇರುವಾಗ ಆ ಹುಡುಗಿ ತುಂಬಿದ್ದು. ‘ಶ್ರವಣ’ ಎಂಬಲ್ಲಿ ‘ಎರಡೂ ಕಿವಿ ಸರಿಯಾಗಿವೆ’, ಕೆಳಗೆ ಸಹಿ.

“ಸುಳ್ಳು ಘೋಷಣೆ. ನನಗೆ ಗೊತ್ತಾಗದೇ ಇದ್ದಿದ್ರೆ ನಾನು ಸುಮ್ನೆ ಇರಬಹುದಿತ್ತು. ಈಗ ಲಿಫ್ಟಿನವನಿಗೂ ಗೊತ್ತು. ದೈಹಿಕ ಅರ್ಹತಾ ಸಮಿತಿಗೆ ಕಳಿಸಲೇಬೇಕು. ಬುಧವಾರದ ಪರೀಕ್ಷೆಗೆ ಅವಳು ಕೂರೋ ಹಾಗಿಲ್ಲ. ಸಮಿತಿ ಬೇಡ ಅಂದ್ರೆ, ಐದನೇ ವರ್ಷದಲ್ಲಿ ಮನೆಗೆ.”

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ.

ಮಾರ್ಚ್ ೧೧, ಮಂಗಳವಾರ

ಹಾಸ್ಟೆಲಿನ ಗೇಟಿನಲ್ಲಿ ಒಂದೂವರೆ ಗಂಟೆ ಕಾದೆ. ಬಂದಳು. ಕೂಗಲಿಲ್ಲ, ಅಳಲಿಲ್ಲ. ನಾನು ಅವಳ ಎಡಕ್ಕೆ ನಿಂತು ಮಾತು ಶುರು ಮಾಡಿದಾಗ ಒಂದು ಹೆಜ್ಜೆ ಸುತ್ತಿ ಬಂದು ಬಲಗಡೆ ಮಾಡಿಕೊಂಡಳು. ಐದು ವರ್ಷದಿಂದ ಎಲ್ಲರ ಜೊತೆಗೂ ಹೀಗೇ ಸುತ್ತಿ ಬರುತ್ತಿರಬೇಕು.

“ಅಪ್ಪಂಗೆ ಫೋನ್ ಮಾಡಿ ಹೇಳಿದೆ ಸರ್. ‘ಯಾರ ಹತ್ರಾನೂ ಹೇಳ್ಬೇಡ ಅಂದಿದ್ನಲ್ಲ ಮಗಳೇ’ ಅಂದ್ರು. ಯಾರ ಹತ್ರಾನೂ ಹೇಳಿಲ್ಲಪ್ಪ, ಪುಸ್ತಕಕ್ಕೆ ಹೇಳಿದೆ ಅಂದೆ.”

ನನ್ನ ಉದ್ದೇಶ ಒಳ್ಳೆಯದಿತ್ತು ಎಂದೆ.

“ಗಡಿಯಾರ ಸರ್ ಉದ್ದೇಶಾನೂ ಒಳ್ಳೇದೇ. ನಲವತ್ತು ಜನ ಕಲೀಲಿ ಅಂತ.” ಎಂದಳು. “ಅವರು ಆ ಮನುಷ್ಯನ ಎದೆ ತಗೊಂಡ್ರು. ನೀವು ನನ್ನ ಕಿವಿ ತಗೊಂಡ್ರಿ. ಮುಟ್ಟೋಕೆ ಮುಂಚೆ ಒಂದು ಮಾತು ಅಂತ ನಲವತ್ತು ನಿಮಿಷ ಹೇಳಿದ್ರಲ್ಲ ಸರ್, ನಾನು ಪೂರ್ತಿ ಬರ್ಕೊಂಡಿದೀನಿ.”

ಅಷ್ಟು ಹೇಳಿ ಒಳಗೆ ಹೋದಳು. ಕಾವಲಿನವನು ನನ್ನನ್ನು ನೋಡಿ ಕುರ್ಚಿ ತಳ್ಳಿದ. ಕೂರಲಿಲ್ಲ.

ಮಾರ್ಚ್ ೧೨, ಬುಧವಾರ

ಪರೀಕ್ಷೆ ನಡೆಯಿತು. ಮೂವತ್ತೊಂಬತ್ತು ಜನ.

ಮಾರ್ಚ್ ೧೩, ಗುರುವಾರ

ದರ್ಜಿಯ ಅಂಗಡಿಗೆ ಹೋದೆ. ಅವನು ವಾರ್ಡಿನಲ್ಲಿದ್ದ ಅಷ್ಟೂ ದಿನ ನಾನೊಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ, ಇಂದೇ ಮೊದಲು ಅವನ ಮುಖ ನೋಡಿದ್ದು. ಐವತ್ತರ ಆಸುಪಾಸು, ತೆಳ್ಳಗೆ, ಕಿವಿಯ ಹಿಂದೆ ಸೀಮೆಸುಣ್ಣದ ಚೂರು. ನಾನು ಯಾರೆಂದು ಹೇಳಿದೆ.

“ಓ, ನೀವೇನಾ? ಬನ್ನಿ ಬನ್ನಿ. ಈ ಬೀದೀಲಿ ದರ್ಜಿ ಅಂದ್ರೆ ನಾನೊಬ್ಬನೇ ಸ್ವಾಮಿ. ಈಗ ಗಿರಾಕಿಗಳು ಅಳತೆ ಕೊಡೋಕೆ ಬಂದು ನನ್ನ ಎದೆ ನೋಡ್ತಾರೆ. ನಿನ್ನೆ ಒಬ್ಬಮ್ಮ, ‘ಸದ್ದು ಇಲ್ಲೀವರೆಗೂ ಬರುತ್ತಾ?’ ಅಂತ ಕೇಳಿದ್ರು. ಇಲ್ಲಮ್ಮ, ಅದು ಮಿಷನ್ನಿನ ಸದ್ದು ಅಂದೆ.”

ಅವನು ನಗುತ್ತಿದ್ದ. ಒಳಗೆ ಬಟ್ಟೆ ಮಡಿಸುತ್ತಿದ್ದ ಅವನ ಹೆಂಡತಿ ನಗಲಿಲ್ಲ. “ಕತ್ತರಿ ವಿಷಯ ಹೇಳಿ,” ಎಂದಳು.

ವಿಷಯ ಇದು. ವಾರ್ಡಿನಲ್ಲಿದ್ದಾಗ ಅವನಿಗೆ ಚೆನ್ನಾಗಿದ್ದೀನಿ ಅಂತ ಅನ್ನಿಸುತ್ತಿದೆ, ಆದರೂ ಬಿಡುತ್ತಿಲ್ಲ. ದಿನಾ ಅಷ್ಟು ಜನ ಬಂದು ಎದೆ ನೋಡಿ, ಒಬ್ಬರಿಗೊಬ್ಬರು ಪಿಸುಗುಟ್ಟಿ ಹೋಗುತ್ತಾರೆ. ಮೂರನೇ ದಿನಕ್ಕೆ ಅವನು ಒಂದು ತೀರ್ಮಾನಕ್ಕೆ ಬಂದ, ತನ್ನ ಕಥೆ ಮುಗಿಯಿತು, ಹೇಳಲಾರದೆ ಇಟ್ಟುಕೊಂಡಿದ್ದಾರೆ. ತಮ್ಮನನ್ನು ಕರೆಸಿ, ಇಪ್ಪತ್ತೆಂಟು ವರ್ಷ ಬೇರೆ ಯಾರೂ ಮುಟ್ಟದ ತನ್ನ ಕತ್ತರಿಯನ್ನು ಅವನ ಕೈಗಿಟ್ಟು, ಮನೆ ನೋಡಿಕೋ ಎಂದ. ತಮ್ಮ ಅತ್ತುಕೊಂಡು ತೆಗೆದುಕೊಂಡು ಹೋದ. ಹೆಂಡತಿ ಮೂರು ದಿನ ಉಪವಾಸ ಕೂತಳು.

“ಈಗ ನೋಡಿದ್ರೆ ನಾನು ಬದುಕಿದೀನಿ. ಹೋಗಿ ಕತ್ತರಿ ಕೊಡಪ್ಪ ಅಂತ ಹೇಗೆ ಕೇಳೋದು? ಅವನು ಅಷ್ಟು ಅತ್ತಿದ್ದಾನೆ.” ಮತ್ತೆ ನಕ್ಕ. ಆಮೇಲೆ ನಗು ನಿಲ್ಲಿಸಿದ. “ಒಂದು ಮಾತು ಕೇಳಿದ್ದಿದ್ರೆ ನಾನೇ ಇರ್ತಿದ್ದೆ ಸ್ವಾಮಿ. ವಾರ ಏನು, ಹದಿನೈದು ದಿನ ಇರ್ತಿದ್ದೆ. ಓದೋ ಮಕ್ಕಳು, ಕಲೀಲಿ. ನಾನೂ ನಾಕು ಜನಕ್ಕೆ ಹೊಲಿಗೆ ಕಲಿಸಿದೋನೇ. ಆ ಎರಡು ಸಲ ಕೇಳಿಸಿಕೊಂಡ ಮಗು ಇತ್ತಲ್ಲ, ಅದೊಂದೇ ‘ತಣ್ಣಗಿದೆ, ತಡೀರಿ’ ಅಂತ ಆ ಬಿಲ್ಲೆನ ಕೈಯಲ್ಲಿ ಬೆಚ್ಚಗೆ ಮಾಡ್ಕೊಂಡಿದ್ದು. ಹೇಗಿದಾಳೆ?”

ಹೇಳಿದೆ. ಎಲ್ಲವನ್ನೂ ಹೇಳಿದೆ, ನನ್ನದನ್ನೂ.

ಅವನು ನನ್ನ ತೋಳು ಎಳೆದುಕೊಂಡು, ಜೋತುಬಿದ್ದಿದ್ದ ಗುಂಡಿಯನ್ನು ಹೊಲಿದು, ದಾರವನ್ನು ಹಲ್ಲಿನಿಂದ ಕಡಿದ. ಕತ್ತರಿ ಇರಲಿಲ್ಲವಲ್ಲ.

ಮಾರ್ಚ್ ೧೪, ಶುಕ್ರವಾರ

ಗಡಿಯಾರ ಸರ್ ಮತ್ತೆ ಕರೆಸಿದರು. ಈ ಸಲ ಬಾಗಿಲು ಮುಚ್ಚಿ.

“ನನಗೆ ಆ ಹುಡುಗಿ ಮೇಲೆ ದ್ವೇಷ ಇಲ್ಲ. ಒಂದು ದಾರಿ ಇದೆ. ಹಾಳೆಯಲ್ಲಿ ಬರೆದಿದ್ದೆಲ್ಲ ನಿಮ್ಮ ಕಲ್ಪನೆ ಅಂತ ಬರ್ಕೊಡಿ. ಅಂಥ ಪುಸ್ತಕ ಇಲ್ಲ, ಅಂಥ ವಿದ್ಯಾರ್ಥಿನಿ ಇಲ್ಲ, ಕಿವಿ ಇಲ್ಲ. ಸಮಿತಿಗೆ ಕಳಿಸೋಕೆ ಆಧಾರಾನೇ ಇರಲ್ಲ. ಮುಂದಿನ ತಿಂಗಳ ಬ್ಯಾಚಲ್ಲಿ ಅವಳು ಪರೀಕ್ಷೆ ಬರೀತಾಳೆ.”

“ಹನ್ನೊಂದನೇ ಹಾಸಿಗೆ?” ಎಂದೆ.

“ಅದೂ ಕಲ್ಪನೆ.” ಗಡಿಯಾರ ನೋಡಿಕೊಂಡರು. “ನಿಮ್ಮ ಕೆಲಸ ಹೇಗೂ ಈ ಅವಧಿಗೆ ಮುಗಿಯುತ್ತೆ. ಅದನ್ನ ನಾನು ತಡೆಯೋಕಾಗಲ್ಲ. ಅವಳದನ್ನ ತಡೀಬಹುದು.”

ಬರೆದುಕೊಡುವುದಿಲ್ಲ. ನಡೆದದ್ದು ನಡೆದಿದೆ. ಆ ಮನುಷ್ಯ ಕತ್ತರಿ ಕೊಟ್ಟದ್ದು ನಿಜ. ಸುಳ್ಳು ಬರೆದು ಯಾರನ್ನೂ ಉಳಿಸಲಾಗದು ಎಂದು ಎಷ್ಟು ಹೊತ್ತಿಗೆಗಳಲ್ಲಿ ಓದಿದ್ದೇನೆ.

ಮಾರ್ಚ್ ೧೫, ಶನಿವಾರ

ಬರೆದೆ. ಗಡಿಯಾರ ಸರ್ ಹೇಳಿದ ಹಾಗೆಯೇ. ಏಳು ಸಾಲು.

ಆಮೇಲೆ ಇನ್ನೊಂದು ಬರೆದೆ. ಅದರಲ್ಲಿ ಎಲ್ಲವೂ ನಿಜವೆಂದು, ಆ ಪುಸ್ತಕವನ್ನು ನಾನು ಅವಳ ಅನುಮತಿ ಇಲ್ಲದೆ ಅಚ್ಚು ಹಾಕಿದೆನೆಂದು ಇದೆ.

ಎರಡೂ ಮೇಜಿನ ಮೇಲಿವೆ. ಯಾವುದನ್ನು ಕೊಡಲಿ?

ಮಾರ್ಚ್ ೧೬, ಭಾನುವಾರ

ಅಕ್ಕನ ಬಾಗಿಲು ತಟ್ಟಿದೆ. “ಇದೇನೋ ಹೊಸದು, ಬಾಗಿಲು ತಟ್ಟೋದು? ಜ್ವರಾನಾ?” ಎಂದಳು. ಎರಡೂ ಕಾಗದಗಳನ್ನು ಓದಿಸಿದೆ. ಯಾವುದು ಕೊಡಲಿ ಎಂದೆ.

“ನನ್ನನ್ನ ಯಾಕೆ ಕೇಳ್ತೀಯಾ?”

“ನಿನ್ನನ್ನಲ್ಲದೆ ಯಾರನ್ನ?”

ನನ್ನನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನಾನೇ ತಲೆ ತಗ್ಗಿಸಬೇಕಾಯಿತು. ಆಮೇಲೆ ಟೀ ಮಾಡಿದಳು.

ಮಾರ್ಚ್ ೧೭, ಸೋಮವಾರ

ಗ್ರಂಥಾಲಯದ ಮೆಟ್ಟಿಲ ಮೇಲೆ ಆ ಹುಡುಗಿ ಸಿಕ್ಕಳು. ಐದು ನಿಮಿಷ ಮಾತಾಡಬಹುದೇ, ಬೇಡವೆಂದರೆ ಹೊರಡುತ್ತೇನೆ ಎಂದೆ. ಗಡಿಯಾರ ನೋಡಿ, “ಐದು,” ಎಂದಳು. ಬಲಗಡೆ ಕೂತೆ. ಎರಡೂ ಕಾಗದ ಕೊಟ್ಟೆ.

ಓದಿದಳು. “ಈ ಮೊದಲನೇದು ಕೊಟ್ರೆ ನಾನು ಪರೀಕ್ಷೆಗೆ ಕೂರಬಹುದು.”

“ಹೌದು.”

“ಇಂಥವಳೊಬ್ಬಳು ಇಲ್ಲ ಅಂತ ಬರ್ದಿದೀರಿ.”

“ಅವರು ಹೇಳಿದ್ದು.”

“ಎರಡನೇದು ಕೊಟ್ರೆ ನಿಮ್ಮ ಹಾಳೆ ಉಳಿಯುತ್ತೆ. ನಾನು ಉಳಿಯಲ್ಲ.”

“ಹಾಗಾಗಬಹುದು.”

“ನಿಮಗೆ ಯಾವುದು ಸರಿ ಅನ್ಸುತ್ತೆ ಸರ್?”

ನನ್ನ ಬಾಯಿಗೆ ಒಂದು ಇಡೀ ಭಾಷಣವೇ ಬಂದಿತ್ತು. ಗೊತ್ತಿಲ್ಲ ಎಂದೆ.

ಮೊದಲ ಸಲ ನನ್ನ ಮುಖ ಸರಿಯಾಗಿ ನೋಡಿದಳು. ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು. “ನಾನು ಯೋಚ್ನೆ ಮಾಡಿ ಹೇಳ್ತೀನಿ. ಅಲ್ಲೀವರೆಗೂ ನೀವು ಏನೂ ಮಾಡ್ಬೇಡಿ. ಏನೂ ಅಂದ್ರೆ ಏನೂ.”

ಮಾರ್ಚ್ ೧೮, ಮಂಗಳವಾರ

ಏನೂ ಮಾಡಲಿಲ್ಲ.

ಮಾರ್ಚ್ ೧೯, ಬುಧವಾರ

ಇವತ್ತೂ.

ಮಾರ್ಚ್ ೨೦, ಗುರುವಾರ

ತರಗತಿಗೆ ಒಂಬತ್ತು ಜನ ಬಂದಿದ್ದರು. ಪುಸ್ತಕಗಳನ್ನೆಲ್ಲ ವಾಪಸ್ ಕೊಟ್ಟೆ. ಇದನ್ನು ಯಾರೂ ಓದುವುದಿಲ್ಲ ಎಂದು ಹೇಳಿ ನಾನು ಇನ್ನೂರು ಪ್ರತಿ ಅಚ್ಚು ಹಾಕಿಸಿದೆ, ಅದು ತಪ್ಪು ಎಂದೆ. ಎರಡು ನಿಮಿಷದಲ್ಲಿ ಮುಗಿಯಿತು. ಉಳಿದ ಐವತ್ತೆಂಟು ನಿಮಿಷಕ್ಕೆ ಏನು ಮಾಡುವುದೆಂದು ಯೋಚಿಸಿಕೊಂಡು ಹೋಗಿರಲಿಲ್ಲ.

ವಿದೂಷಕ ಕೈ ಎತ್ತಿದ. “ಸರ್, ಅವತ್ತು ಆ ಹನ್ನೊಂದನೇ…” ಎಂದು ನಿಲ್ಲಿಸಿದ. “ಆ ದರ್ಜಿ ಅಂಕಲ್ಲು. ನಾನು ಹನ್ನೆರಡನೆಯವನು. ನನಗೆ ಸದ್ದು ಕೇಳಿಸಲೇ ಇಲ್ಲ. ಕೇಳಿಸ್ತು ಅಂತ ತಲೆ ಆಡಿಸಿದೆ. ಹಿಂದೆ ಇಪ್ಪತ್ತೆಂಟು ಜನ ನಿಂತಿದ್ರಲ್ಲ, ಇನ್ನೊಮ್ಮೆ ಅನ್ನೋಕೆ ನಾಚಿಕೆ ಆಯ್ತು.”

ಇನ್ನೊಬ್ಬಳು ನನಗೂ ಕೇಳಿಸಲಿಲ್ಲ ಎಂದಳು. ಆಮೇಲೆ ಮತ್ತೊಬ್ಬ. ಒಂಬತ್ತರಲ್ಲಿ ಆರು ಜನ ಸುಮ್ಮನೆ ತಲೆ ಆಡಿಸಿ ಬಂದವರು. ಆರೂ ಜನ ಪರೀಕ್ಷೆಯಲ್ಲಿ ಹೃದಯದ ಸದ್ದಿನ ಪ್ರಶ್ನೆಗೆ ಉತ್ತರ ಹೇಳಿ ಬಂದಿದ್ದಾರೆ.

ಯಾರೂ ಬರೆದುಕೊಳ್ಳಲಿಲ್ಲ. ನಾನೂ ಹೆಚ್ಚು ಮಾತಾಡಲಿಲ್ಲ. ಗಂಟೆ ಹೊಡೆದದ್ದು ತಿಳಿಯಲಿಲ್ಲ, ಮುಂದಿನ ತರಗತಿಯವರು ಬಂದು ಬಾಗಿಲಲ್ಲಿ ನಿಂತರು. ಇದನ್ನು ನನ್ನ ದಿನಚರಿಯಲ್ಲಿ ಬರೆಯಬಹುದೇ ಎಂದು ಹೊರಡುವಾಗ ಅವರನ್ನು ಕೇಳಿದೆ. ನನಗಾಗಿ ಮಾತ್ರ ಎಂದೆ. ಒಬ್ಬ ಬೇಡ ಎಂದ. ಅವನು ಹೇಳಿದ್ದನ್ನು ಬರೆದಿಲ್ಲ.

ಮಾರ್ಚ್ ೨೧, ಶುಕ್ರವಾರ

ಸಂಜೆ ಐದಕ್ಕೆ ಅವಳೇ ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದಳು. ಕೈಯಲ್ಲಿ ಮೂರು ಕಾಗದ. ನನ್ನವೆರಡನ್ನು ಮೇಜಿನ ಮೇಲಿಟ್ಟಳು. ಎರಡೂ ನಾಲ್ಕಾಗಿ ಹರಿದಿದ್ದವು.

“ಎರಡೂ ನೀವೇ ಬರ್ದಿದ್ದು ಸರ್. ಒಂದ್ರಲ್ಲಿ ನಾನು ಇಲ್ಲ, ಇನ್ನೊಂದ್ರಲ್ಲಿ ನೀವು ತಪ್ಪು ಒಪ್ಪಿಕೊಂಡು ದೊಡ್ಡೋರಾಗಿದೀರಿ, ಅದ್ರಲ್ಲೂ ನಾನು ಇಲ್ಲ. ಇದು ನಾನು ಬರ್ದಿದ್ದು. ಬೆಳಿಗ್ಗೆ ಸಮಿತಿಗೆ ಕೊಟ್ಟು ಬಂದೆ. ನಿಮಗೆ ಓದಿ ಹೇಳ್ತೀನಿ, ಕೈಗೆ ಕೊಡಲ್ಲ.”

ಅದು ಸರಿ ಎಂದೆ.

ಓದಿದಳು. ಚಿಕ್ಕದು. ಸೇರುವಾಗ ಹೆದರಿ ಸುಳ್ಳು ಬರೆದೆ, ಅದಕ್ಕೆ ಯಾವ ಶಿಕ್ಷೆ ಇದ್ದರೂ ಸರಿ. ಎಡಗಿವಿ ಕೇಳಿಸುವುದಿಲ್ಲ. ಆ ರೋಗಿಯ ಕವಾಟದ ತೊಂದರೆ ಏನೆಂದು ಸಾಲಿನಲ್ಲಿ ಸರಿಯಾಗಿ ಹೇಳಿದವರು ನಾಲ್ಕು ಜನ, ಅವರಲ್ಲಿ ನಾನೊಬ್ಬಳು. ವಾರ್ಡಿನ ದಾಖಲೆಯಲ್ಲಿ ಇದೆ, ನೋಡಬಹುದು. ಯಂತ್ರದ ಮುಂದೆ ಕೂರಿಸಿ ನನ್ನ ಕಿವಿ ಅಳೆದು ಬಿಡಬೇಡಿ, ಒಪ್ಪಿಗೆ ಕೊಟ್ಟ ರೋಗಿಗಳ ಹಾಸಿಗೆಯ ಬಳಿ ನನ್ನನ್ನು ಪರೀಕ್ಷೆ ಮಾಡಿ. ತಪ್ಪಿದರೆ ನಾನೇ ಹೊರಡುತ್ತೇನೆ.

“ಹೊರಡ್ತೀಯಾ?” ಎಂದು ಕೇಳಿಬಿಟ್ಟೆ.

“ಗೊತ್ತಿಲ್ಲ ಸರ್. ಬರೆಯೋವಾಗ ಧೈರ್ಯ ಇತ್ತು. ಕೊಟ್ಟು ಬಂದ ಮೇಲೆ, ವಾಪಸ್ ಕೇಳೋಣ ಅಂತ ಎರಡು ಸಲ ಬಾಗಿಲವರೆಗೂ ಹೋದೆ.” ಬಾಗಿಲ ಚೌಕಟ್ಟಿಗೆ ಒರಗಿದಳು. “ಸಮಿತಿ ವಿಚಾರಣೆಗೆ ಕರೆದಿದೆ ಸರ್. ಅಮ್ಮ ಬರ್ತೀನಿ ಅಂದ್ಲು, ಬೇಡ ಅಂದೆ. ಅಲ್ಲಿ ಕೂತ್ಕೊಂಡು ಅಳ್ತಾಳೆ. ಸ್ನೇಹಿತರು ಬಂದ್ರೆ ಗಡಿಯಾರ ಸರ್ ಕೈಲಿ ಸಿಕ್ಕಿಹಾಕ್ಕೋತಾರೆ. ಒಬ್ಬರನ್ನ ಜೊತೆಗೆ ಕರ್ಕೊಂಡು ಬರಬಹುದಂತೆ. ನಿಮಗಂತೂ ಹೇಗೂ ಕೆಲಸ ಹೋಗುತ್ತೆ.”

ಬರುತ್ತೇನೆ ಎಂದೆ.

“ಕ್ಷಮಿಸಿದೀನಿ ಅಂದ್ಕೋಬೇಡಿ.”

“ಇಲ್ಲ.”

“ಮಾತಾಡೋಳು ನಾನು. ನೀವು ಒಂದಕ್ಷರ ಎತ್ತಬಾರದು. ಅವರು ನನ್ನನ್ನ ಏನೇ ಅಂದ್ರೂ.”

“ಎತ್ತಲ್ಲ.”

“ಆಮೇಲೆ ಅದನ್ನ ಹ್ಯಾಂಡ್‌ಬಿಲ್ ಮಾಡಬಾರದು.”

“ಇಲ್ಲ.” ಆಮೇಲೆ ಕೇಳಿದೆ, ಯಾವ ಕಡೆ ಕೂರಲಿ, ಬಲಗಡೆಯೇ ತಾನೇ ಎಂದು.

ಯೋಚಿಸಿದಳು. ತುಟಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಯಿತು. ಅದು ನಗುವೆಂದು ನಾನು ಹೇಳಲಾರೆ.

“ಎಡಗಡೆ ಕೂತ್ಕೊಳ್ಳಿ ಸರ್. ನಿಮ್ಮನ್ನ ನಂಬೋಕಾಗಲ್ಲ, ತಡೀಲಾರದೆ ಏನಾದ್ರೂ ಅಂದೇಬಿಡ್ತೀರಿ. ಅಂದ್ರೂ ನನಗೆ ಕೇಳಿಸಬಾರದು.”

ಮಂಗಳವಾರ, ಇಪ್ಪತ್ತೈದನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ, ಆಡಳಿತ ಕಟ್ಟಡದ ಎರಡನೇ ಮಹಡಿ. ಒಂಬತ್ತೂವರೆಗೇ ಕೆಳಗೆ ಮೆಟ್ಟಿಲ ಬಳಿ ನಿಂತಿರಬೇಕಂತೆ.